ಇಲ್ಲದ ಕಾರನ್ನು ಮನೆಯಲ್ಲಿ ಬಿಟ್ಟುಬಂದ ಬಗ್ಗೆ

ಮಾನ್ಯ ಸಿಬ್ಬಂದಿ ಕ್ಷೇಮಾಧಿಕಾರಿಗಳ ಸನ್ನಿಧಾನಕ್ಕೆ, ಉಗ್ರಾಣದ ಗುಮಾಸ್ತನು ಸವೆದ ಚಪ್ಪಲಿಗಳನ್ನು ಬಾಗಿಲಾಚೆ ಬಿಟ್ಟು ಸಲ್ಲಿಸುವ ವಿನಮ್ರ ನಮಸ್ಕಾರಗಳು.

ಕಾರನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಬರುವವರಿಗೆ ಶುಕ್ರವಾರ ಮಧ್ಯಾಹ್ನ ರಜೆ ಎಂಬ ತಮ್ಮ ಪ್ರಕಟಣೆಯನ್ನು ಓದಿ, ಕೆಲಸಕ್ಕೆ ಸೇರಿದಂದಿನಿಂದ ನಡೆದೇ ಬರುತ್ತಿರುವ ನಾನು ಹಿಗ್ಗಿ ಹೀರೇಕಾಯಿಯಾದೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ದಾದಿ; ಅವಳು ಒಳಗೆ ಬರುವಾಗ ನಾನು ಹೊರಗೆ ಹೊರಟಿರುತ್ತೇನೆ. ಅವಳಿಗೆ ಬಿಡುವಿರುವುದು ಶುಕ್ರವಾರ ಮಾತ್ರ. ಆದರೆ ತಾವು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿಮ್ಮತ್ರ ಕಾರೇ ಇಲ್ವಲ್ರೀ, ಇಲ್ಲದ್ದನ್ನ ಬಿಟ್ಟು ಬರೋದು ಅದ್ಯಾವ ತ್ಯಾಗ?” ಎಂದಿರಿ. ತ್ಯಾಗ ಮಾಡಲೂ ಮೊದಲು ಆಸ್ತಿ ಬೇಕೆಂಬ ಈ ಮಹಾಸತ್ಯ ನನ್ನ ಮಂದಬುದ್ಧಿಗೆ ಅದುವರೆಗೆ ಹೊಳೆದಿರಲಿಲ್ಲ.

ತಮ್ಮ ಬೋಧನೆಯಿಂದ ಕಣ್ತೆರೆದು, ಗ್ಯಾರೇಜಿಟ್ಟಿರುವ ಭಾವಮೈದುನನ ಕೈಕಾಲು ಹಿಡಿದು, ಅವನು ಎಂಜಿನ್ ಕಳಚಿ ಮೂಲೆಗೆ ತಳ್ಳಿದ್ದ ಕಾರೊಂದನ್ನು ಬೀದಿಯವರೆಲ್ಲ ಸೇರಿ ತಳ್ಳಿಕೊಂಡು ಬಂದು ನಮ್ಮ ಮನೆಯ ಮುಂದೆ ನಿಲ್ಲಿಸಿದೆವು. ಪರಿಶೀಲನೆಗೆ ಖುದ್ದಾಗಿ ದಯಮಾಡಿಸಿದ ತಾವು ಬಾನೆಟ್ಟಿನೊಳಗೆ ಇಣುಕಿ, “ಇದು ಓಡುತ್ತೇನಮ್ಮಾ?” ಎಂದು ನನ್ನವಳನ್ನು ಕೇಳಿದಿರಿ.

“ಓಡ್ಬಾರ್ದು ಅಂತಾನೇ ಅಲ್ವಾ ಸಾರ್ ನಿಮ್ಮ ಯೋಜನೆ?” ಎಂದಳು ಅವಳು.

ತಾವು ಕನ್ನಡಕ ಒರೆಸಿಕೊಂಡು ರಜೆ ಮಂಜೂರು ಮಾಡಿದ ಆ ಔದಾರ್ಯವನ್ನು ಏಳೇಳು ಜನ್ಮಕ್ಕೂ ಮರೆಯಲಾರೆ. ಅಂದಿನಿಂದ ಶುಕ್ರವಾರ ಊಟವಾದ ಮೇಲೆ ನಾವಿಬ್ಬರೂ ಆ ಕಾರಿನಲ್ಲಿ ಕೂರುತ್ತೇವೆ. ಅವಳು ಸ್ಟಿಯರಿಂಗ್ ಹಿಡಿದು ವಾರ್ಡಿನ ಕಥೆ ಹೇಳುತ್ತಾಳೆ, ನಾನು ಪಕ್ಕದಲ್ಲಿ ಕೂತು ಹುರಿಗಡಲೆ ಮೆಲ್ಲುತ್ತೇನೆ. ಗಾಜು ಏರಿಸಿಬಿಟ್ಟರೆ ನಮ್ಮ ಜೊತೆಗಿರುವ ಅತ್ತೆ ಮನೆಯೊಳಗಿಂದ ಕರೆದರೂ ಕೇಳಿಸುವುದಿಲ್ಲ.

ಇಂಥ ಸುಖದ ನಡುವೆ ತಮ್ಮ ಹೊಸ ಆದೇಶ ಬಂದಿದೆ. ಯೋಜನೆಯ ಅಭೂತಪೂರ್ವ ಯಶಸ್ಸನ್ನು ಕೊಂಡಾಡಲು ಫಲಾನುಭವಿಗಳೆಲ್ಲರೂ ಪ್ರತಿ ಶುಕ್ರವಾರ ಮಧ್ಯಾಹ್ನ ಕಚೇರಿಯ ಸಭೆಗೆ ಕಡ್ಡಾಯವಾಗಿ ಹಾಜರಿರಬೇಕಂತೆ. ರಜೆಯನ್ನು ಕೊಟ್ಟ ಕೈಯಲ್ಲೇ ಹೀಗೆ ಹಗುರಾಗಿ ಎತ್ತಿಕೊಳ್ಳುವ ನಾಜೂಕು ಬೇರೆ ಯಾರಿಗುಂಟು? ಆದ್ದರಿಂದ ಸದರಿ ಸಭೆಯನ್ನು ನಮ್ಮ ಕಾರಿನ ಹಿಂದಿನ ಸೀಟಿಗೆ ವರ್ಗಾಯಿಸಿ, ಭಾಷಣಗಳನ್ನು ಪಿಸುಮಾತಿನಲ್ಲಿ ಮುಗಿಸಬೇಕೆಂದು ಕೈಮುಗಿದು ಕೋರುವ,

ತಮ್ಮ ವಿಶ್ವಾಸಿ,
ಕಾಲ್ನಡಿಗೆಯ ಕಾರು ಮಾಲೀಕ

ತಾ.ಕ.: ಸಭೆ ಈಗಾಗಲೇ ಶುರುವಾಗಿರಬೇಕು. ನನ್ನವಳು ಬಲಭುಜಕ್ಕೆ ಒರಗಿ ನಿದ್ದೆಹೋಗಿರುವುದರಿಂದ ಇದನ್ನು ಎಡಗೈಯಲ್ಲಿ ಬರೆದಿದ್ದೇನೆ. ಅಕ್ಷರ ಸೊಟ್ಟಗಿರುವುದಕ್ಕೆ ಕ್ಷಮೆಯಿರಲಿ, ಗೈರುಹಾಜರಿಗೆ ಬೇಡ.