ತಂತಿಗೆ ಚುಚ್ಚಿದ ಸುದ್ದಿಗಳು

ಸೋಮಾರಿಗಳು ಯೋಜನೆ ಹಾಕಬಾರದು. ನಾನು ಹಾಕಿದೆ, ಅದೂ ಶಲವಡಿಯಂಥ ದೊಡ್ಡ ಊರಿನಲ್ಲಿ. ಎಂಬತ್ತರ ದಶಕದ ಆ ದಿನಗಳಲ್ಲಿ ನಾನು ಕಾರಕೂನನಾಗಿದ್ದ ಸೊಸೈಟಿಯ ಫೋನೇ ಸುತ್ತಲಿನ ಓಣಿಗಳಿಗೆಲ್ಲ ಫೋನು. ಯಾರಿಗೆ ಕರೆ ಬಂದರೂ "ಹಿಡ್ಕೊಂಡಿರ್ರಿ" ಎಂದು ಹೇಳಿ, ಓಡಿಹೋಗಿ ಅವರನ್ನು ಕರೆತರಬೇಕು. ಇಬ್ಬರೂ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಲೈನು ಕಟ್ಟಾಗಿರುತ್ತಿತ್ತು. ಮದುವೆಯಾದ ಮೇಲೆ ಬೆಳೆದ ನನ್ನ ಹೊಟ್ಟೆಗೆ ಈ ಓಟ ಒಗ್ಗಲಿಲ್ಲ. ಅದಕ್ಕೇ ಹೊಸ ವ್ಯವಸ್ಥೆ ಮಾಡಿದೆ. ಬಂದ ಸುದ್ದಿಯನ್ನು ಚೀಟಿಯಲ್ಲಿ ಬರೆದು, ಗೋಡೆಗೆ ನೇತುಹಾಕಿದ, ಬಿಲ್ಲು-ರಸೀದಿ ಚುಚ್ಚಿಡುವ ತಂತಿಗೆ ನಾನು ಚುಚ್ಚುವುದು. ಸೊಸೈಟಿಯ ಸಿಪಾಯಿ ಇಮಾಮಸಾಬ ಬಿಡುವಾದಾಗ ಒಂದೊಂದಾಗಿ ಒಯ್ದು ಮುಟ್ಟಿಸುವುದು. ಹೇಳುವವರು ಕಾಯಬೇಕಿಲ್ಲ, ಕೇಳುವವರು ಓಡಬೇಕಿಲ್ಲ. ಎಷ್ಟು ಫೋನಾದರೂ ಬರಲಿ ಎಂದು ಕಾಲು ಚಾಚಿದೆ.

ಒಂದು ದಿನ ಹಿಂದಿನ ಓಣಿಯ ಪಾರ್ವತೆವ್ವ ಕಾಕುಗೆ ಕುಂದಗೋಳದಿಂದ ಫೋನು: "ನಾಳೆ ಕನ್ಯಾ ನೋಡಾಕ ಬರ್ತೇವ್ರಿ." ತಾಸಿನ ಮೇಲೆ ಅವರದೇ ಮತ್ತೊಂದು: "ನಾಳೆ ಆಗೂದಿಲ್ರಿ, ಸೋಮವಾರ ಬರ್ತೇವಿ." ಎರಡನ್ನೂ ಶಿಸ್ತಾಗಿ ಚುಚ್ಚಿದೆ. ಕೊನೆಗೆ ಚುಚ್ಚಿದ್ದೇ ಮೊದಲು ಕೈಗೆ ಬರುತ್ತದೆಂಬುದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ಇಮಾಮಸಾಬ ಮಧ್ಯಾಹ್ನ ಸೋಮವಾರದ ಚೀಟಿ ಮುಟ್ಟಿಸಿದ, ಸಂಜೆ ನಾಳೆಯದನ್ನು. ಸಂಜೆ ಬಂದದ್ದೇ ಹೊಸ ಸುದ್ದಿ ಎಂದು ಕಾಕು ನಂಬಿದರು. ಮರುದಿನ ಹೋಳಿಗೆ ಮಾಡಿ, ಮಗಳಿಗೆ ಇಳಕಲ್ ಸೀರೆ ಉಡಿಸಿ ಕಾದರು. ಯಾರೂ ಬರಲಿಲ್ಲ.

ಮಧ್ಯಾಹ್ನ ಹೋಳಿಗೆ ಡಬ್ಬಿ ಸಮೇತ ಸೊಸೈಟಿಗೆ ಬಂದರು. ಕಣ್ಣು ಕೆಂಪಾಗಿದ್ದವು.

"ಸಂಬಂಧ ಮುರೀತ್ರಿ ಕಾರಕೂನರ. ಇದನ್ನ ನೀವರ ತಿನ್ರಿ."

"ಮುರದಿಲ್ಲರಿ ಕಾಕು, ಅವರು ಬರೂದು ಸೋಮವಾರ. ಈ ಫೋನಿಂದ ಗದ್ದಲ ಆಗೇತಿ," ಎಂದೆ. ಫೋನು ಪಾಪ, ಎದುರು ಮಾತಾಡಲಿಲ್ಲ. ಹೋಳಿಗೆ ಮಾತ್ರ ಮುಟ್ಟದೆ ಡಬ್ಬಿ ಮುಚ್ಚಿಟ್ಟೆ. ಹುಡುಗಿಯ ಬಾಳಿನ ಪ್ರಶ್ನೆ ನನ್ನ ತಂತಿಗೆ ನೇತಾಡಿತ್ತಲ್ಲ ಎಂದು ನಿಜಕ್ಕೂ ಹೆದರಿದ್ದೆ.

"ನಿಮ್ಮ ಚೀಟಿ ಸಾಕ್ರಿ," ಎಂದರು ಕಾಕು. "ಅವರು ಹೂಂ ಅಂದ್ರೂ ಊಹೂಂ ಅಂದ್ರೂ ಆ ಫೋನ್ ನಾನ ಎತ್ತಾಕಿ."

ಸೋಮವಾರ ಅವರು ಬಂದು, ನೋಡಿ, ಫೋನು ಮಾಡುತ್ತೇವೆಂದು ಹೋದರು. ಮಂಗಳವಾರ ಬಾಗಿಲು ತೆಗೆಯುತ್ತಲೇ ಕಾಕು ಬಂದು ನನ್ನ ಕುರ್ಚಿಯಲ್ಲಿ ಕೂತರು. ನಾನು ನಿಂತೇ ಲೆಕ್ಕ ಬರೆದೆ. ಬುಧವಾರವೂ ನಿಂತೆ. ಗುರುವಾರ ಫೋನು ಬಂತು. "ಹೌದ್ರಿ... ಆತ್ರಿ..." ಎನ್ನುತ್ತಲೇ ಕಾಕು ಅಳತೊಡಗಿದರು. ಸಂಬಂಧ ಮುರಿಯಿತೆಂದೇ ನಾನು ಪೆನ್ನು ಕೆಳಗಿಟ್ಟೆ. ಫೋನಿಟ್ಟು, "ಒಪ್ಪ್ಯಾರ್ರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿತು, ಅರ್ಧ ಸಂತೋಷಕ್ಕೆ, ಅರ್ಧ ಕಾಲುನೋವಿಗೆ.

ಕಾಕು ಎದ್ದರು. ನಾನು ಕುರ್ಚಿಯತ್ತ ಹೆಜ್ಜೆ ಇಡುವಷ್ಟರಲ್ಲಿ ಬಾಜೂಮನಿ ಬಸಪ್ಪ ಬಂದು ಕೂತುಬಿಟ್ಟ. "ತಿರ್ಲಾಪುರದಿಂದ ಫೋನ್ ಬರೂದೈತ್ರಿ. ಈಗ ನನ್ನ ಪಾಳಿ." ಹೊರಗೆ ಇಣುಕಿದರೆ ಕಟ್ಟೆಯ ತನಕ ಜನ. ಚೀಟಿಯನ್ನು ಇನ್ನು ಯಾರೂ ನಂಬುವಂತಿರಲಿಲ್ಲ. ಲೆಕ್ಕದ ಪುಸ್ತಕ ಬಗಲಲ್ಲಿ ಹಿಡಿದು, ನನ್ನ ಕುರ್ಚಿಗಾಗಿ ನಾನೂ ಹೋಗಿ ಪಾಳಿಯ ತುದಿಯಲ್ಲಿ ನಿಂತೆ.