ಬಸಳೆ ಚಪ್ಪರದಲ್ಲಿ ಸಿಕ್ಕಿದ ಚಾರ್ಜರ್

ಮನೆಯಲ್ಲಿ ಯಾವ ವಸ್ತು ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲೆನೆಂಬ ಸಣ್ಣ ಜಂಬ ನನಗಿದೆ. ಕಾನ್ವೆಂಟಿನ ಸಿಸ್ಟರುಗಳು ನಮ್ಮ ಕರವಸ್ತ್ರಕ್ಕೂ ಹೆಸರು ಹೊಲಿಸುತ್ತಿದ್ದರು. ಆ ಅಭ್ಯಾಸದಿಂದ ಚಾರ್ಜರ್ ವೈರುಗಳಿಗೂ ಚೀಟಿ ಅಂಟಿಸಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೇನೆ. 'ನನ್ನದು', 'ಇವರದ್ದು', 'ಟಾರ್ಚಿನದ್ದು'. ಎಲ್ಲಕ್ಕಿಂತ ದೊಡ್ಡ ಕಟ್ಟಿನ ಮೇಲೆ 'ಯಾವುದರದ್ದೋ' ಎಂದಿದೆ. ಇನ್ನು ಎಲ್ಲದಕ್ಕೂ ಒಂದೇ ಸಿ ಪಿನ್ನು, ನಿನ್ನ ಡಬ್ಬಿಗೆ ಕೆಲಸವಿಲ್ಲ ಎಂದು ನಮ್ಮವರು ಹೇಳಿದ್ದರು. ಈಗ ಮೂತಿಯೇನೋ ಒಂದೇ, ಗುಣ ಬೇರೆ ಬೇರೆ. ಒಂದು ವೈರು ಅರ್ಧ ಗಂಟೆಯಲ್ಲಿ ಚಾರ್ಜು ತುಂಬಿಸಿದರೆ, ಅದರ ಹಾಗೇ ಕಾಣುವ ಇನ್ನೊಂದು ಮಧ್ಯಾಹ್ನದ ಊಟದವರೆಗೂ ಕಾಯಿಸುತ್ತದೆ.

ಮೊನ್ನೆ ಬೆಳಿಗ್ಗೆ ಬೀಜಾಡಿಯ ಮುತ್ತಕ್ಕ ಮೀನು ತಂದಳು. ಬುಟ್ಟಿಗೆ ಮುಚ್ಚಿದ ಬಾಳೆಲೆ ಜಾರಿ ಬಿದ್ದದ್ದನ್ನೂ ಅವಳು ಗಮನಿಸಿರಲಿಲ್ಲ.

"ಹ್ವಾಯ್ ಅಮ್ಮಾ, ಇದನ್ ಒಂಚೂರ್ ಚಾರ್ಜಿಗ್ ಹಾಕಿ ಕಾಂಬ. ಮಗ್ಳನ್ ಹೆರಿಗೆಗ್ ಸೇರ್ಸಿರ್. ಅಳಿಯ ಫೋನ್ ಮಾಡ್ತೆ ಅಂದಿದ. ಇದ್ ಕಂಡ್ರೆ ಸತ್ತೇ ಹೋಯ್ತ್. ನಂಬರೆಲ್ಲ ಇದ್ರೊಳ್ಗೇ ಇತ್ತ್."

"ಸಿ ಪಿನ್ನಾ ಮುತ್ತಕ್ಕ?"

"ಸೀಯೋ ಖಾರವೋ ನಂಗೆಂತ ಗೊತ್ತ್ ಮಾರಾಯ್ರೆ! ನೀವೇ ಕಾಣಿ."

ನೋಡಿದರೆ ಹಳೆಯ ಚಪ್ಪಟೆ ಮೂತಿಯದು. ಡಬ್ಬಿ ಬೋರಲು ಹಾಕಿದೆ. 'ಯಾವುದರದ್ದೋ' ಕಟ್ಟಿನ ಒಂದೊಂದನ್ನೂ ಚುಚ್ಚಿ ನೋಡಿದೆ, ಒಂದೂ ಹೊಂದಲಿಲ್ಲ. ಮುತ್ತಕ್ಕ ಸತ್ತ ಫೋನನ್ನೇ ಎರಡು ಸಲ ಕಿವಿಗಿಟ್ಟುಕೊಂಡಳು. ಆಗ ನೆನಪಾಯಿತು. ಹಗ್ಗ ಮಳೆಗೆ ಕೊಳೆಯುತ್ತದೆಂದು, ಚಪ್ಪಟೆ ಮೂತಿಯ ಹಳೆಯ ಚಾರ್ಜರಿನ ವೈರಿನಿಂದ ನಾನೇ ಬಸಳೆ ಚಪ್ಪರದ ಮೂಲೆ ಬಿಗಿದಿದ್ದೆ.

ಇಬ್ಬರೂ ಹಿತ್ತಿಲಿಗೆ ಓಡಿದೆವು. ಮುತ್ತಕ್ಕ ಚಪ್ಪರದ ಕೋಲಿಗೆ ಹೆಗಲು ಕೊಟ್ಟು ನಿಂತಳು, ನಾನು ಗಂಟು ಬಿಚ್ಚಿದೆ. "ಕೊಯ್ವ ಅಂದ್ರೆ ಕತ್ತಿ ಇತ್ತ್," ಎಂದಳು. "ಕೊಯ್ದ್ರೆ ಚಾರ್ಜಾಗೂದ್ ಹೇಗೆ?" ಎಂದೆ. ಪುಣ್ಯಕ್ಕೆ ಮೂತಿಗೆ ನಾನೇ ಪ್ಲಾಸ್ಟಿಕ್ ಸುತ್ತಿದ್ದೆ. ಸೆರಗಿನಿಂದ ಒರೆಸಿ, ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿದೆ.

ಫೋನಿಗೆ ಜೀವ ಬರಲಿಲ್ಲ. ಐದು ನಿಮಿಷವಾಯಿತು. ಅವಳ ಮುಖ ನೋಡಲಾಗದೆ ನಾನು ಮಾತಿಗೆ ತೊಡಗಿದೆ. ಕಂಪೆನಿಯವರು ವರ್ಷಕ್ಕೊಂದು ಪಿನ್ನು ಬದಲಿಸಿ ನಮ್ಮಂಥವರನ್ನು ಗೋಳು ಹೊಯ್ದುಕೊಳ್ಳುತ್ತಾರೆ, ಒಂದು ಸಣ್ಣ ತೂತಿಗೆ ಇವರಿಗೊಂದು ಒಮ್ಮತವಿಲ್ಲ ಎಂದೆಲ್ಲ ಹೇಳಿದೆ. ಮುತ್ತಕ್ಕ ತಾಳ್ಮೆಯಿಂದ ಕೇಳಿದಳು. ನಂತರ, ದೊಡ್ಡವರ ತಪ್ಪು ಹೇಳುವಾಗಿನ ಸಣ್ಣ ದನಿಯಲ್ಲಿ, "ಅಮ್ಮಾ, ಸ್ವಿಚ್ ಹಾಕ್ಲೇ ಇಲ್ಯಲೆ?" ಎಂದಳು.

ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ಫೋನು ಎಚ್ಚರವಾಯಿತು. ಆದದ್ದೇ ತಡ, ಗಂಟೆ ಬಾರಿಸಿತು. "ಹೆಣ್ಣಾ? ಇಬ್ರೂ ಸೌಖ್ಯವಾ?" ಎನ್ನುತ್ತ ಮುತ್ತಕ್ಕ ನೆಲದ ಮೇಲೆಯೇ ಕೂತುಬಿಟ್ಟಳು. ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಅಳಿಯ ಆ ಕಡೆಯಿಂದ ಗದರಿದ್ದು ನನಗೂ ಕೇಳಿಸಿತು.

ಮುತ್ತಕ್ಕ ಒಮ್ಮೆ ನನ್ನ ಮುಖ ನೋಡಿದಳು. "ಎಂತ ಮಾಡೂದ್ ಮಗಾ," ಎಂದಳು ಅಳಿಯನಿಗೆ, "ಇವ್ರ್ ಮನಿ ವೈರ್ ಒಂಚೂರ್ ಹಳತ್."

ಆ ಬಡಪಾಯಿ ವೈರಿನ ಪರವಾಗಿ ನಾನು ಒಂದು ಮಾತೂ ಆಡಲಿಲ್ಲ.