ಮೂರನೇ ಮಹಡಿಯ ಮೂವರ ಪ್ರೇಮ ನಿಯಂತ್ರಣ ಕುರಿತು

ಸಂಖ್ಯೆ: ಕಲಾ/ವಸತಿ/ಪ್ರೇಮ/3/ಮರುಜ್ಞಾಪನ-2

ವಿಷಯ: ಕಲಾವಿದರ ವಸತಿಗೃಹದಲ್ಲಿ ಇಬ್ಬರು ಒಬ್ಬರನ್ನೇ ಪ್ರೀತಿಸುತ್ತಿರುವುದರಿಂದ ಇಲಾಖೆಯ ಕೆಲಸಗಳಿಗೆ ಆಗುತ್ತಿರುವ ಅಡಚಣೆ.

ಉಲ್ಲೇಖ: ಕಾವಲುಗಾರರ ಮೌಖಿಕ ವರದಿ (ನಗುತ್ತಾ ಸಲ್ಲಿಸಿದ್ದು).

ಚಿತ್ರಕಾರ ಹಾಗೂ ನಾಟಕಕಾರರೆಂಬ ಜೀವದ ಗೆಳೆಯರಿಬ್ಬರು, ಎದುರು ಕೋಣೆಯ ಪೋಸ್ಟರ್ ಕಲಾವಿದೆಗೆ ತಮ್ಮ ಪ್ರೀತಿಯನ್ನು ಬಾಯಿಬಿಟ್ಟು ಹೇಳಕೂಡದೆಂದು ಪರಸ್ಪರ ಆಣೆ ಮಾಡಿಕೊಂಡಿರುವುದು ಗಮನಕ್ಕೆ ಬಂದಿದೆ. ಬಾಯಲ್ಲಿ ಕಟ್ಟಿಟ್ಟ ಪ್ರೀತಿ ಕೈಯಲ್ಲಿ ಸೋರುತ್ತಿರುವ ಕಾರಣ, ಸಂಬಂಧಪಟ್ಟವರೆಲ್ಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. ನಿವೃತ್ತ ನಿರ್ದೇಶಕರ ಭಾವಚಿತ್ರಕ್ಕೆ ಚಿತ್ರಕಾರರು ಕಲಾವಿದೆಯ ಕೆನ್ನೆಯ ಗುಳಿಯನ್ನು ಅಳವಡಿಸಿರುತ್ತಾರೆ. ಅನಾವರಣದ ದಿನ ನಿರ್ದೇಶಕರ ಪತ್ನಿಯವರು, "ಏನ್ರೀ, ಮೂವತ್ತು ವರ್ಷ ಈ ಗುಳಿ ಎಲ್ಲಿ ಬಚ್ಚಿಟ್ಟಿದ್ರಿ?" ಎಂದು ವಿಚಾರಿಸಿರುತ್ತಾರೆ. ಇನ್ನು ಮುಂದೆ ಗುಳಿಗಳಿಗೆ ಪೂರ್ವಾನುಮತಿ ಪಡೆಯತಕ್ಕದ್ದು.

2. ಬೆಂಕಿ ನಂದಿಸುವ ವಿಧಾನ ಕುರಿತು ನಾಟಕಕಾರರು ಬರೆದ ಜಾಗೃತಿ ನಾಟಕದಲ್ಲಿ ನಾಯಕ ನಾಯಕಿಯನ್ನೇ ನೋಡುತ್ತಾ ನಿಂತಿದ್ದರಿಂದ, ಮೂರು ಅಂಕ ಮುಗಿದರೂ ಬೆಂಕಿ ಉರಿಯುತ್ತಲೇ ಇರುತ್ತದೆ. ಮುಂದಿನ ಪ್ರದರ್ಶನದೊಳಗೆ ನಂದಿಸತಕ್ಕದ್ದು.

3. ನಿಟ್ಟುಸಿರನ್ನು ದಿನಕ್ಕೆ ತಲಾ ನಾಲ್ಕಕ್ಕೆ ಮಿತಿಗೊಳಿಸಲಾಗಿದೆ. ಉಳಿದದ್ದನ್ನು ಗೆಳೆಯನ ಹೆಸರಿಗೆ ವರ್ಗಾಯಿಸುವಂತಿಲ್ಲ.

4. ಇಬ್ಬರಲ್ಲಿ ಒಬ್ಬರನ್ನು ಸೋಮವಾರದೊಳಗೆ ನಮೂದಿಸುವಂತೆ, ತಪ್ಪಿದಲ್ಲಿ ಕೋಣೆ ತೆರವು ಮಾಡುವಂತೆ ಕಲಾವಿದೆಗೆ ನಮೂನೆ ನೀಡಲಾಗಿತ್ತು. ಮೂರು ದಿನ ಅದನ್ನು ಎದುರಿಗಿಟ್ಟುಕೊಂಡು, ಊಟಕ್ಕೂ ಏಳದೆ, ಅವರು ಪೆನ್ಸಿಲ್ ಹೆರೆಯುತ್ತಾ ಕೂತಿದ್ದರೆಂದು ತಿಳಿದುಬಂದಿದೆ. ಪೆನ್ಸಿಲ್ ಮುಗಿಯಿತು, ನಮೂನೆ ಖಾಲಿಯೇ ಹಿಂದಿರುಗಿತು. ಕಚೇರಿಯ ಕಿಟಕಿಯಲ್ಲಿ ತಲೆ ತಗ್ಗಿಸಿ ಅವರು ನೀಡಿದ ಹೇಳಿಕೆ: "ಮೂರು ತಿಂಗಳಿಂದ ಇಬ್ಬರೂ ನನ್ನ ಮುಖ ನೋಡ್ತಿದಾರೆ ಸಾರ್. ನನ್ನ ಪೋಸ್ಟರು ಒಂದಾದ್ರೂ ನೋಡಿದಾರಾ, ಕೇಳಿ."

5. ಕೇಳಲಾಯಿತು. ನೋಡಿರಲಿಲ್ಲ.

6. ಆದ್ದರಿಂದ ಇಬ್ಬರನ್ನೂ ಮೆಟ್ಟಿಲ ಬಳಿಯಿರುವ ಕಲಾವಿದೆಯ 'ನಲ್ಲಿ ನಿಲ್ಲಿಸಿ' ಪೋಸ್ಟರಿನ ಮುಂದೆ ನಿಲ್ಲಿಸಲಾಯಿತು. ನಲವತ್ತು ನಿಮಿಷದ ಬಳಿಕ ಚಿತ್ರಕಾರರು, ಆ ನೀಲಿ ತಮ್ಮ ಕೈಗೆ ಈ ಜನ್ಮದಲ್ಲಿ ಬರುವುದಿಲ್ಲವೆಂದರು. ನಾಟಕಕಾರರು, ನೀಲಿಯೇನೋ ಸರಿ, ಅಕ್ಷರಗಳು ಕುಂಟುತ್ತಿವೆ ಎಂದರು. ಬಾಗಿಲ ಸಂದಿಯಲ್ಲಿ ಕೇಳಿಸಿಕೊಳ್ಳುತ್ತಿದ್ದ ಕಲಾವಿದೆ ಹೊರಬಂದು, ಕುಂಟುತ್ತಿರುವುದು ನಾಟಕಕಾರರ ಕಣ್ಣೆಂದು ಕಾವಲುಗಾರರಿಗೂ ಕೇಳುವಂತೆ ವಾದಕ್ಕಿಳಿದಿರುತ್ತಾರೆ. ಅವರಿಗೆ ಅಷ್ಟು ದನಿಯಿದೆಯೆಂಬ ಮಾಹಿತಿ ಇಲಾಖೆಯಲ್ಲಿ ಲಭ್ಯವಿರಲಿಲ್ಲ.

7. ಸದರಿ ವಾದ ಇನ್ನೂ ಮುಗಿಯದ ಕಾರಣ, ಹಾಗೂ ಯಾರು ಯಾರನ್ನು ಆರಿಸಬೇಕಿತ್ತೆಂಬುದನ್ನು ಮೂವರೂ ಮರೆತಿರುವ ಕಾರಣ, ತೆರವು ಆದೇಶವನ್ನು ಹಿಂಪಡೆಯಲಾಗಿದೆ.

ಸಹಿ/- (ಅಸ್ಪಷ್ಟ)
ಅಧೀಕ್ಷಕರು, ಇತರೆ ಭಾವನೆಗಳ ಶಾಖೆ

ಪ್ರತಿಗಳು:
1. ಚಿತ್ರಕಾರರು ಹಾಗೂ ನಾಟಕಕಾರರು: ಇಬ್ಬರಿಗೂ ಸೇರಿ ಒಂದೇ ಪ್ರತಿ. ಕಿತ್ತಾಡದೆ ಓದತಕ್ಕದ್ದು.
2. ಕಾವಲುಗಾರರು: ಗಲಾಟೆಯೆಂದು ದೂರು ಬಂದಲ್ಲಿ, ಕೆಲಸ ನಡೆಯುತ್ತಿದೆ ಎಂದು ತಿಳಿಸತಕ್ಕದ್ದು.
3. ಪೋಸ್ಟರ್ ಕಲಾವಿದೆ: ಹಾಳೆಯ ಹಿಂಬದಿ ಖಾಲಿಯಿದೆ. ಬಳಸಿಕೊಳ್ಳಬಹುದು.